ಬೆಂಕಿಯಿಲ್ಲದೆ ಬೆಚ್ಚಗಾದ ಇಂಜಿನ್

ಇಂಜಿನ್ನಿನ ಹೊಟ್ಟೆಯೊಳಗೆ ಸುಣ್ಣ ಇಡುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಮೈ ಸಣ್ಣದು ಎಂಬ ಕಾರಣಕ್ಕೆ. ಬಾಯ್ಲರಿನ ನೆತ್ತಿಯ ಮೇಲೆ ಗುಮ್ಮಟದಂಥ ಒಂದು ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದರೆ ಕೆಳಗೆ ದುಂಡನೆಯ ಬಾಯಿ. ಫಿಟ್ಟರ್ ಚಾಚಾ ಅವರ ಭುಜ ಅದರಲ್ಲಿ ಹಿಡಿಯಲಿಲ್ಲ. ಯಾರ್ಡಿನ ಇನ್ನಿಬ್ಬರು ಖಲಾಸಿಗಳು ಇಣುಕಿ ನೋಡಿ, ನಗುತ್ತ ಹಿಂದೆ ಸರಿದರು. ಫೋರ್‌ಮನ್ ಸಾಹೇಬರು ಸುತ್ತಮುತ್ತ ನೋಡುತ್ತಿದ್ದಾಗ ಚಾಚಾ, ಪೊರಕೆ ಹಿಡಿದು ದೂರ ನಿಂತಿದ್ದ ನನ್ನ ಕಡೆ ಕೈ ಮಾಡಿದರು.

"ಈ ನಮ್ಮವ್ವ ಹಿಡೀತಾಳ ನೋಡ್ರಿ."

ಮೊಮ್ಮಕ್ಕಳೇ, ಈ ಸಂಗತಿಯನ್ನು ನಿಮ್ಮ ಅಪ್ಪಂದಿರಿಗೂ ನಾನು ಹೇಳಿಲ್ಲ. ಎದುರಿಗೆ ಕೂತು ಹೇಳಲು ನನಗೆ ಈಗಲೂ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಾದಗಿರಿ ಸ್ಟೇಷನ್ನಿನಿಂದ ಒಂದು ಹಳಿ ಬೇರೆಯಾಗಿ ನಮ್ಮ ಯಾರ್ಡಿಗೆ ಬರುತ್ತಿತ್ತು. ಕೃಷ್ಣೆಯ ಕಾಲುವೆಗಳನ್ನು ತೋಡುತ್ತಿದ್ದ ವರ್ಷಗಳಲ್ಲಿ ಸಿಮೆಂಟು, ಸರಳು, ಗೇಟಿನ ಕಬ್ಬಿಣದ ಹಲಗೆಗಳು ರೈಲಿನಲ್ಲಿ ಬಂದು ಇಲ್ಲಿ ಇಳಿದು, ಲಾರಿ ಹತ್ತಿ ಶಹಾಪುರ, ಸುರಪುರ, ಹುಣಸಗಿ ಕಡೆ ಹೋಗುತ್ತಿದ್ದವು. ಸ್ಟೇಷನ್ನಿನಿಂದ ವ್ಯಾಗನ್ನುಗಳನ್ನು ಎಳೆದು ತರಲು, ಖಾಲಿಯಾದವನ್ನು ತಿರುಗಿ ದೂಡಲು ಯಾರ್ಡಿನದೇ ಒಂದು ಉಗಿ ಇಂಜಿನ್ ಇತ್ತು. ಅದರ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರು ನಿಮ್ಮ ಅಜ್ಜ. ಅವರು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಅದೇ ಯಾರ್ಡಿನಲ್ಲಿ ನನಗೆ ಖಲಾಸಿ ಕೆಲಸ ಕೊಟ್ಟರು. ಮುದನಾಳದ ಶಾಲೆಯಲ್ಲಿ ಏಳನೆಯ ತರಗತಿ ಓದಿದ್ದೆ. ಸಹಿ ಮಾಡುತ್ತಿದ್ದೆ, ಪತ್ರ ಓದುತ್ತಿದ್ದೆ. ಆದರೆ ಗಂಡಸರ ಎದುರು ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಆ ಇಂಜಿನ್ ಗೂಡ್ಸ್ ಎಳೆಯಲು ಹುಟ್ಟಿದ್ದಲ್ಲ. ದೊಡ್ಡ ಊರಿನಲ್ಲಿ ಲೋಕಲ್ ಗಾಡಿ ಎಳೆಯಲು ಮಾಡಿದ್ದು. ಎಲ್ಲರೂ ಅದನ್ನು 'ಲೋಕಲ್' ಎಂದೇ ಕರೆಯುತ್ತಿದ್ದರು. ಬೇರೆ ಉಗಿ ಇಂಜಿನ್ನಿನ ಬೆನ್ನಿಗೆ ನೀರಿನದೂ ಕಲ್ಲಿದ್ದಲಿನದೂ ಬೇರೆ ಒಂದು ಬಂಡಿ ಇರುತ್ತದೆ. ಇದಕ್ಕೆ ಇರಲಿಲ್ಲ. ಎರಡು ಸೊಂಟಕ್ಕೂ ಕೊಡ ಇಟ್ಟುಕೊಂಡ ಹೆಂಗಸಿನ ಹಾಗೆ ಎರಡು ಮಗ್ಗುಲಿಗೂ ನೀರಿನ ಟಾಂಕಿ, ಹಿಂದೆ ಕಲ್ಲಿದ್ದಲಿನ ಗೂಡು. ಮುಂದಕ್ಕೆ ಓಡುವಷ್ಟೇ ಸಲೀಸಾಗಿ ಹಿಂದಕ್ಕೂ ಓಡುತ್ತಿತ್ತು, ತಿರುಗಿಸುವ ತೊಂದರೆ ಇಲ್ಲ. ಬೆಳಗ್ಗೆ ಆಫೀಸಿನ ಮಂದಿಯನ್ನು ಊರೊಳಗೆ ತಂದು, ಸಂಜೆ ಅವರವರ ಮನೆಯ ಹತ್ತಿರ ಬಿಟ್ಟು, ಐದು ನಿಮಿಷಕ್ಕೊಂದು ಕಡೆ ನಿಂತು ನಿಂತು ಮೂವತ್ತಕ್ಕೂ ಹೆಚ್ಚು ವರ್ಷ ಓಡಿತ್ತಂತೆ. ಅಲ್ಲಿ ಕರೆಂಟಿನ ಗಾಡಿ ಬಂದ ಮೇಲೆ ಇದನ್ನು ಇಲ್ಲಿಗೆ ಕಳಿಸಿದರು. ಶಹಾಪುರದವರಾದ ಫಿಟ್ಟರ್ ಚಾಚಾ ಹುಡುಗರಾಗಿದ್ದಾಗ ಆ ಊರಿನ ಶೆಡ್ಡಿನಲ್ಲಿ ಇದನ್ನು ಒರೆಸುವ ಕೆಲಸಕ್ಕೆ ಸೇರಿದವರು, ಇದರ ಜೊತೆಯಲ್ಲೇ ತಿರುಗಿ ಬಂದರು. ಮಂದಿ ಶಹರದಿಂದ ಹೆಣ್ಣು ತಂದರೆ ನಾನು ಇದನ್ನು ತಂದೆ ಎಂದು ನಗುತ್ತಿದ್ದರು. ಅವರ ಹೆಂಡತಿಗೂ ಈ ಮಾತು ಗೊತ್ತಿತ್ತು.

ಕಾಲುವೆಗೆ ನೀರು ಬಿಟ್ಟಾಯಿತು. ಸಾಮಾನು ಬರುವುದು ಕಡಿಮೆಯಾಯಿತು. ಯಾರ್ಡಿಗೆ ಒಂದು ಡೀಸೆಲ್ ಇಂಜಿನ್ ಬಂತು, ಲೋಕಲ್ ಬೇವಿನ ಗಿಡದ ಹತ್ತಿರದ ಹಳಿಯಲ್ಲಿ ನಿಂತಿತು. ಅದನ್ನು ಒಡೆದು ಕಬ್ಬಿಣ ಮಾರುತ್ತಾರೆ ಎಂದು ನಾವು ತಿಳಿದಿದ್ದೆವು. ಅಷ್ಟರಲ್ಲಿ ದೊಡ್ಡ ಊರಿನ ಮ್ಯೂಸಿಯಂನಿಂದ ಪತ್ರ ಬಂತು. ಆ ಜಾತಿಯ ಲೋಕಲ್ ಇಂಜಿನ್ ಇನ್ನು ಉಳಿದಿರುವುದು ಬೆರಳೆಣಿಕೆಯಷ್ಟು. ಮಳೆಗಾಲ ಮುಗಿದ ಮೇಲೆ ಬಂದು ಪರೀಕ್ಷೆ ಮಾಡುತ್ತೇವೆ. ಬಾಯ್ಲರ್ ಗಟ್ಟಿ ಇದ್ದರೆ ಬೆಂಕಿ ಹಾಕಿ, ಮಕ್ಕಳನ್ನು ಕೂರಿಸಿಕೊಂಡು ಓಡಿಸುತ್ತೇವೆ. ಇಲ್ಲದಿದ್ದರೆ ಬಣ್ಣ ಹಚ್ಚಿ ಕಟ್ಟೆಯ ಮೇಲೆ ನಿಲ್ಲಿಸುತ್ತೇವೆ. ಓಡಿಸುವುದಾದರೆ ಅದನ್ನು ಬಲ್ಲ ಒಬ್ಬ ಫಿಟ್ಟರನನ್ನೂ ತೆಗೆದುಕೊಳ್ಳುತ್ತೇವೆ ಎಂದೂ ಬರೆದಿದ್ದರು. ಚಾಚಾ ಆ ವರ್ಷವೇ ನಿವೃತ್ತಿಯಾಗುವವರಿದ್ದರು. ಪತ್ರವನ್ನು ಫೋರ್‌ಮನ್ ಸಾಹೇಬರಿಂದ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಹೋಗಿ ಇಂಜಿನ್ನಿನ ಸುತ್ತ ಒಂದು ಸುತ್ತು ಬಂದರು.

ಮಳೆಗಾಲ ದಾಟುವವರೆಗೆ ಬಾಯ್ಲರಿಗೆ ತುಕ್ಕು ಹಿಡಿಯದಂತೆ ಕಾಯಬೇಕಿತ್ತು. ಅದಕ್ಕೆ ಒಳಗನ್ನು ಪೂರ್ತಿ ಒಣಗಿಸಿಡಬೇಕು. ಕೊನೆಯ ಸಲ ಉಗಿ ಎಬ್ಬಿಸಿ, ಅದು ಇಳಿದು ಕಬ್ಬಿಣ ಇನ್ನೂ ಸುಡುತ್ತಿರುವಾಗಲೇ ಕೆಳಗಿನ ಬಿರಡೆಗಳನ್ನು ಬಿಚ್ಚಿ ನೀರು ಬಿಟ್ಟೆವು. ಹಾಗೆ ಬಿಟ್ಟರೆ ಒಳಗೆಲ್ಲ ತನ್ನ ಶಾಖಕ್ಕೆ ತಾನೇ ಆರುತ್ತದೆ. ಸಂದಿಗಳಲ್ಲಿ ಕೂತ ಕೆಸರನ್ನು ಉದ್ದನೆಯ ಸರಳಿನಿಂದ ಕೆರೆದು ತೆಗೆದೆವು. ಒಲೆಯ ಬೂದಿಯನ್ನು ಮೂಲೆಮೂಲೆಯಿಂದ ಬಳಿದೆ, ಏಕೆಂದರೆ ತೇವ ಕುಡಿದ ಬೂದಿ ಕಬ್ಬಿಣವನ್ನು ತಿನ್ನುತ್ತದೆ. ಹೊಗೆಯ ಮಸಿಯದೂ ಅದೇ ಗುಣ. ಆಮೇಲೆ ಒಂದು ಇಡೀ ದಿನ ಒಲೆಯಲ್ಲಿ ತೊಗರಿ ಕಟ್ಟಿಗೆಯ ಸಣ್ಣ ಉರಿ. ಎಲ್ಲ ಮುಗಿದ ಮೇಲೆ ಚಿಮಣಿಗೆ ತಗಡಿನ ಟೋಪಿ.

ಇಷ್ಟಾದರೂ ಗಾಳಿಯ ತೇವ ಒಳಗೆ ಉಳಿಯುತ್ತದೆ. ಅದನ್ನು ಕುಡಿಯಲು ಸುಟ್ಟ ಸುಣ್ಣ ಇಡಬೇಕು, ನೀರು ಮುಟ್ಟಿಸದ ಹರಳನ್ನೇ. ಶಹಾಪುರ ರಸ್ತೆಯ ಭಟ್ಟಿಯಿಂದ ಚಾಚಾ ಸುಣ್ಣ ತರಿಸಿದರು. ಕಾಲುವೆಯ ಸೇತುವೆಗಳ ಕಲ್ಲು ಕಟ್ಟಲು ಒಯ್ಯುತ್ತಿದ್ದ ಸುಣ್ಣವೇ ಅದು. ಮನೆಯ ಗೋಡೆಗೆ ಬಳಿಯುವ ಸುಣ್ಣದಷ್ಟು ಬೆಳ್ಳಗಿರಲಿಲ್ಲ, ಬೂದಿಬಣ್ಣಕ್ಕಿತ್ತು. ಉದ್ದನೆಯ ತಗಡಿನ ತಟ್ಟೆಗಳನ್ನು ಮಾಡಿಸಿ, ಒಂದೊಂದರಲ್ಲಿ ಅರ್ಧ ಮಾತ್ರ ತುಂಬಿದರು. ತೇವ ಕುಡಿದು ಸುಣ್ಣ ಉಬ್ಬಿದಾಗ ಚೆಲ್ಲಬಾರದು ಎಂದು ಆ ಅಳತೆ. ನಾನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಾಕಿದರೆ ಚಾಚಾ ಬೆರಳಿನಿಂದ ಗೆರೆ ಎಳೆದು ಮಿಕ್ಕಿದ್ದನ್ನು ತೆಗೆಯುತ್ತಿದ್ದರು.

ನಾನು ಕೈಗೆ, ಮುಖಕ್ಕೆ ಕುಸುಬಿ ಎಣ್ಣೆ ಸವರಿಕೊಂಡು, ಸೀರೆ ಕಚ್ಚೆ ಹಾಕಿ, ಗುಮ್ಮಟದ ಬಾಯಿಯಲ್ಲಿ ಸೊಂಟದವರೆಗೆ ಇಳಿದು ಬಾಯ್ಲರಿನ ಉದ್ದಕ್ಕೂ ಹಾದ ಹೊಗೆಯ ಕೊಳವೆಗಳ ಮೇಲೆ ತಟ್ಟೆಗಳನ್ನು ಒಂದೊಂದಾಗಿ ಜೋಡಿಸಿದೆ. ಒಲೆಯ ಸುತ್ತ ಎರಡು ಕಬ್ಬಿಣದ ಗೋಡೆಗಳ ನಡುವೆ ನೀರು ನಿಲ್ಲುವ ನಾಲ್ಕು ಬೆರಳಿನ ಸಂದಿ ಇರುತ್ತದೆ. ಅದರ ಬುಡದ ಸಣ್ಣ ಬಾಗಿಲುಗಳಲ್ಲಿ ಇನ್ನಷ್ಟು ತಟ್ಟೆ ಸರಿಸಿದೆವು. ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ಧೂಳು. ಖಲಾಸಿಯೊಬ್ಬ ಯಾರ ಮನೆಯ ಗೋಡೆ ಬಳಿದು ಬಂದೆ ಎಂದು ಕೇಳಿದ. ಚಾಚಾ ಅವನಿಗೆ, ನಿನ್ನ ತಲೆಯೊಳಗೂ ಒಂದು ತಟ್ಟೆ ಇಡಿಸಬೇಕು, ಬಹಳ ತೇವ ಅದ ಎಂದರು. ಆ ದಿನ ನಾನೂ ನಕ್ಕಿದ್ದೆ.

ಇನ್ನೊಂದು ಸಣ್ಣ ಕೆಲಸವಿತ್ತು. ಟಾಂಕಿಯ ನೀರನ್ನು ಬಾಯ್ಲರಿಗೆ ನೂಕುವ ಹಿತ್ತಾಳೆಯ ಯಂತ್ರಕ್ಕೆ ಇಂಜೆಕ್ಟರ್ ಎನ್ನುತ್ತಾರೆ. ಹೆಚ್ಚಾದ ನೀರು ಹೊರಗೆ ಸುರಿದುಹೋಗಲು ಅದಕ್ಕೆ ಒಂದು ಕೊಳವೆ ಕೆಳಗೆ ನೇತಾಡುತ್ತದೆ. ಅದರಲ್ಲಿ ಕಣಜ ಗೂಡು ಕಟ್ಟಬಾರದು, ತೇವದ ಗಾಳಿ ಹೋಗಬಾರದು ಎಂದು ಚಾಚಾ ಬೇವಿನ ಕಟ್ಟಿಗೆಯ ಬೆಣೆ ಕೆತ್ತಿ ಕೊಟ್ಟರು. ಇಂಜಿನ್ನಿನ ಎರಡೂ ಮಗ್ಗುಲಿಗೆ ಒಂದೊಂದು ಇಂಜೆಕ್ಟರ್, ಎರಡಕ್ಕೂ ಬೆಣೆಯನ್ನು ಬಿಗಿಯಾಗಿ ಬಡಿದವಳು ನಾನು. ಟಾಂಕಿ ಖಾಲಿ ಇದ್ದುದರಿಂದ ಟಾಂಕಿಗೂ ಇಂಜೆಕ್ಟರಿಗೂ ನಡುವಿನ ಕಾಕ್ ಎಂಬ ನಲ್ಲಿಯನ್ನು ತಿರುಗಿಸಿ ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಫೋರ್‌ಮನ್ ಸಾಹೇಬರು ಬಂದು ನೋಡಿ, ಇನ್ನು ಇದರ ಹತ್ತಿರ ಒಂದು ಹನಿ ನೀರೂ ಬರಬಾರದು ಎಂದು ಹೇಳಿ ಹೋದರು. ದಿನಾ ಸುತ್ತ ಗುಡಿಸುವುದು, ಗಾಲಿಗಳನ್ನು ಕೂಡಿಸುವ ರಾಡುಗಳಿಗೆ ಗ್ರೀಸ್ ಹಚ್ಚುವುದು, ಚಿಮಣಿಯ ಟೋಪಿ ನೋಡುವುದು ನನ್ನ ಕೆಲಸವಾಯಿತು. ಒಂದು ತಿಂಗಳಿಗೆ ಒಳಗಿನ ಸುಣ್ಣ ಬದಲಿಸುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು.

ನಿಮಗೆ ಗೊತ್ತಿರಲಿಕ್ಕಿಲ್ಲ. ಆ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಮೊಟ್ಟೆ ಕುಡಿಸಿ, ಹೊಟ್ಟೆ ತುಂಬ ತಿನ್ನಿಸುತ್ತೇವೆ. ನಿಮ್ಮ ಅಜ್ಜನಿಗೆ ಸ್ವಂತ ಹೊಲ ಇರಲಿಲ್ಲ, ಎತ್ತೂ ಇರಲಿಲ್ಲ. ನನ್ನ ಎತ್ತು ಇದೇ ಎಂದು ಅವರು ಪ್ರತಿ ಕಾರಹುಣ್ಣಿಮೆಗೆ ಲೋಕಲ್‌ನ ಮೈ ತೊಳೆದು, ಕೋಡಿನ ಹಾಗೆ ಮುಂದಕ್ಕೆ ಚಾಚಿದ ಎರಡು ಬಫರಿಗೆ ಕೆಂಪು ಬಳಿದು, ಟಾಂಕಿ ತುಳುಕುವವರೆಗೆ ನೀರು ತುಂಬಿಸುತ್ತಿದ್ದರು. ಡ್ರೈವರ್ ಉದ್ದನೆಯ ಸೀಟಿ ಊದುತ್ತಿದ್ದರು. ಇದು ಯಾರ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಚಾಚಾ ಕೂಡ ಬಂದು ನಿಂತು ಹೋಳಿಗೆ ತಿಂದು ಹೋಗುತ್ತಿದ್ದರು.

ಆ ವರ್ಷ ಚಾಚಾ ಇರಲಿಲ್ಲ. ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿ ಶಹಾಪುರಕ್ಕೆ ಹೋಗಿದ್ದರು. ಬೆಳಗ್ಗೆ ನಾನು ಬಫರಿಗೆ ಕೆಂಪು ಬಳಿದೆ. ಮೈ ತೊಳೆಯಬಾರದೆಂದು ಒಣಬಟ್ಟೆಯಲ್ಲಿ ಒರೆಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಊರಿನ ಎತ್ತುಗಳೆಲ್ಲ ಹೊಟ್ಟೆ ತುಂಬ ಉಂಡು ನಿಂತಿವೆ, ಇದೊಂದು ಉಪವಾಸ ನಿಂತಿದೆ ಎಂದು ನನಗೆ ಅನ್ನಿಸಿತು. ನೀರು ಬಾಯ್ಲರಿಗೆ ಬೇಡ ಎಂದಿದ್ದರು. ಟಾಂಕಿ ಬೇರೆ, ಬಾಯ್ಲರ್ ಬೇರೆ ಎಂದು ನಾನು ತಿಳಿದೆ. ಒಂದು ದಿನ ಇಟ್ಟು ಮರುದಿನ ಬಿಟ್ಟರಾಯಿತು, ಗೋಣಿಚೀಲದಿಂದ ಒರೆಸಿದರಾಯಿತು. ನಳದ ರಬ್ಬರ್ ಪೈಪು ತಂದು ಟಾಂಕಿಯ ಬಾಯಿಗೆ ಇಟ್ಟೆ. ಎರಡು ಟಾಂಕಿಗೂ ಕೆಳಗೆ ಕೊಳವೆ ಕೂಡಿಸಿದ್ದರಿಂದ ಒಂದರಲ್ಲಿ ಬಿಟ್ಟರೆ ಎರಡೂ ತುಂಬುತ್ತವೆ.

ತುಂಬಲು ಬಹಳ ಹೊತ್ತು ಹಿಡಿಯಿತು. ನಿಮ್ಮ ಅಜ್ಜ ಊಟದ ಹೊತ್ತಿಗೆ ಮುಗಿಸುತ್ತಿದ್ದರು. ನನಗೆ ಸಂಜೆಯಾಯಿತು. ನಳದ ನೀರು ಸಣ್ಣಗೆ ಬರುತ್ತಿದೆ ಎಂದುಕೊಂಡೆ. ಕೊನೆಗೆ ಟಾಂಕಿ ತುಳುಕಿತು. ಸೀಟಿ ಊದುವವರು ಇರಲಿಲ್ಲ. ಮನೆಗೆ ಬಂದೆ.

ಮರುದಿನ ಬೆಳಗ್ಗೆ ಯಾರೂ ಬರುವ ಮೊದಲೇ ಹೋಗಿ ಟಾಂಕಿಯ ನೀರು ಬಿಟ್ಟೆ. ಆಮೇಲೆ ಒಲೆಯ ಬಾಗಿಲು ತೆಗೆದು ಗುಡಿಸಲು ಕೈ ಹಾಕಿದೆ. ಮುಖಕ್ಕೆ ಬಿಸಿ ತಾಗಿತು. ಒಲೆಯ ಗೋಡೆಗೆ ಅಂಗೈ ಇಟ್ಟು ನೋಡಿದೆ. ಜ್ವರ ಬಂದ ಮಗುವಿನ ಮೈಯ ಹಾಗೆ ಬೆಚ್ಚಗಿತ್ತು. ಹೊರಗೆ ಬಂದು ಹಿತ್ತಾಳೆಯ ಬಿರಡೆ ಮುಟ್ಟಿದೆ. ಅದೂ ಬೆಚ್ಚಗಿತ್ತು. ಒಲೆಯಲ್ಲಿ ಒಂದು ಕಡ್ಡಿ ಇರಲಿಲ್ಲ, ಒಂದು ಚಿಟಿಕೆ ಬೂದಿ ಇರಲಿಲ್ಲ.

ನನಗೆ ಆಗ ಏನಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ಅಜ್ಜ ನಡೆಸಿದ ಪದ್ಧತಿಯನ್ನು ನಾನು ಬಿಡಲಿಲ್ಲ, ಅದಕ್ಕೆ ಇಂಜಿನ್ ಎಚ್ಚರವಾಗಿದೆ ಎಂದುಕೊಂಡೆ. ಒಲೆಯ ಬಾಗಿಲ ಎದುರು ಕೈ ಮುಗಿದು ನಿಂತೆ. ಅವರು ತೀರಿಕೊಂಡ ಮೇಲೆ ಅಷ್ಟು ಸಂತೋಷ ನನಗೆ ಆಗಿರಲಿಲ್ಲ. ಆ ದಿನವೆಲ್ಲ ನಡುನಡುವೆ ಹೋಗಿ ಮುಟ್ಟಿ ಬರುತ್ತಿದ್ದೆ. ಎರಡನೆಯ ದಿನವೂ ಬೆಚ್ಚಗಿತ್ತು. ಆ ಸಂಜೆ ಅಡುಗೆಮನೆಯ ಗೋಡೆಗೆ ಬಳಿಯಲೆಂದು ನಿಮ್ಮ ಮುತ್ತಜ್ಜಿ ಬಕೆಟ್ಟಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದರು. ಅದು ಕೊತಕೊತ ಕುದಿಯಿತು. ಬಕೆಟ್ಟನ್ನು ಸರಿಸಲು ಹೋಗಿ ಅದರ ಮೈಗೆ ಕೈ ಇಟ್ಟೆ.

ಆ ಬಿಸಿ ನನಗೆ ಗೊತ್ತಿದ್ದ ಬಿಸಿಯೇ ಆಗಿತ್ತು. ಹಾಗೇ ಅಲ್ಲಿ ಕೂತುಬಿಟ್ಟೆ. ನೀರು ಹೋದ ದಾರಿಯೂ ಆಗ ಕಣ್ಣಿಗೆ ಕಟ್ಟಿತು. ಟಾಂಕಿಯಿಂದ ಇಂಜೆಕ್ಟರಿಗೆ, ಹೊರಗೆ ಸುರಿಯಬೇಕಾದ ಕೊಳವೆಗೆ ನಾನೇ ಬಡಿದ ಬೆಣೆ, ಇನ್ನೆಲ್ಲಿ ಹೋಗಬೇಕು ಅದು, ಬಾಯ್ಲರಿಗೇ ಹೋಗಿದೆ. ಒಳಗೆ ಹೋದ ನೀರನ್ನು ಅಲ್ಲಿಯ ವಾಲ್ವ್ ತಿರುಗಿ ಟಾಂಕಿಗೆ ಬಿಡುವುದಿಲ್ಲ. ಟಾಂಕಿ ತುಂಬಲು ಸಂಜೆಯಾದದ್ದು ಅದಕ್ಕೇ.

ಮೂರನೆಯ ದಿನ ಯಾರ್ಡಿಗೆ ಹೋಗುವಾಗ ಫೋರ್‌ಮನ್ ಸಾಹೇಬರಿಗೆ ಹೇಳಬೇಕೆಂದೇ ಹೋದೆ. ಅವರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಇಬ್ಬರು ಗುತ್ತಿಗೆದಾರರು ಕೂತು ಜೋರಾಗಿ ಮಾತಾಡುತ್ತಿದ್ದರು. ಸಾಹೇಬರು ನನ್ನನ್ನು ನೋಡಿ ಏನು ಎಂಬಂತೆ ಹುಬ್ಬು ಏರಿಸಿದರು. ನಾನು ಪೊರಕೆ ಹಳೆಯದಾಗಿದೆ ಎಂದೆ. ಹೊಸ ಪೊರಕೆ ಕೊಡಿಸಿದರು.

ಮನಸ್ಸಿಗೆ ಒಂದು ಸಮಾಧಾನವನ್ನೂ ಹುಡುಕಿಕೊಂಡೆ. ಎಲೆಅಡಿಕೆಯ ಸುಣ್ಣವನ್ನು ನಾವು ಗಡಿಗೆಯಲ್ಲಿ ನೀರು ಹಾಕಿಟ್ಟರೆ ವರ್ಷಗಟ್ಟಲೆ ಬೆಣ್ಣೆಯ ಹಾಗೆ ಇರುತ್ತದೆ. ಇದೂ ಹಾಗೇ ಇರುತ್ತದೆ, ಸುಣ್ಣ ಬದಲಿಸುವ ದಿನ ಹೇಗೂ ಒಳಗೆ ಇಳಿಯುವವಳು ನಾನೇ, ಆಗ ಯಾರಿಗೂ ತಿಳಿಯದಂತೆ ಬಳಿದು ತೆಗೆದರಾಯಿತು ಎಂದುಕೊಂಡೆ. ಕಾಲುವೆಯ ಕಲ್ಲು ಕಟ್ಟುವ ಸುಣ್ಣ ನೀರಿನಲ್ಲಿ ನಿಂತೇ ಗಟ್ಟಿಯಾಗುವ ಜಾತಿಯದು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ನಾನು ಕೇಳಲಿಲ್ಲ.

ಚಾಚಾ ಹದಿನೈದು ದಿನದ ಮೇಲೆ ಬಂದರು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಇಂಜಿನ್ನಿನ ಸುತ್ತ ತಿರುಗಿ, ಬಫರಿನ ಕೆಂಪು ನೋಡಿ ನಕ್ಕರು. ಆಮೇಲೆ ನನ್ನನ್ನು ಕರೆದು ಕೇಳಿದರು.

"ನಾ ಇಲ್ಲದಾಗ ಏನರ ಆತೇನವ್ವಾ ಇದಕ್ಕ?"

"ಏನಿಲ್ರಿ ಚಾಚಾ."

"ನೋಡವ್ವಾ, ಒಳಗ ಚೊಲೋ ಒಣಗ್ಯಾದ ಅಂದ್ರ ಸುಣ್ಣ ಬದಲಿ ಮಾಡಾಕ ಈಗ ಬಿಚ್ಚೂದು ಬ್ಯಾಡ. ಹೊರಗಿನ ಹಸಿ ಗಾಳಿ ಒಳಗ ಹೋಗ್ತದ. ಮ್ಯೂಸಿಯಂನವರು ಬಂದಾಗ ಬಿಚ್ಚಿದ್ರ ಸಾಕು. ನೀ ಏನಂತಿ?"

ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ನೀ ಏನಂತಿ ಎಂದು. ಬಿಚ್ಚಿರಿ ಎಂದು ನಾನು ಅನ್ನಬೇಕಿತ್ತು. ಕಾರಣ ಕೂಡ ಹೇಳಬೇಕಾಗಿರಲಿಲ್ಲ, ಆ ಒಂದು ಮಾತು ಸಾಕಿತ್ತು. ನಾನು ತಲೆ ತಗ್ಗಿಸಿ, ನೀವು ಹೇಳಿದಂಗ್ರಿ ಎಂದೆ.

ಮಳೆಗಾಲ ಪೂರ್ತಿ ನಾನು ಅದರ ಹೊರಮೈ ನೋಡಿಕೊಂಡೆ. ರಾಡುಗಳು ಕನ್ನಡಿಯ ಹಾಗಿದ್ದವು. ಒಂದು ದಿನ ಒಲೆಯ ಕೆಳಗೆ, ಹಳಿಯ ಜಲ್ಲಿಯ ಮೇಲೆ ಬಿಳಿಯ ಗೆರೆ ಕಂಡಿತು. ಕೆಳಗಿನ ಕಾಕ್ ಹನಿಹನಿಯ ಲೆಕ್ಕದಲ್ಲಿ ಸೋರುತ್ತಿತ್ತು. ಒಳಗಿನ ನೀರು ಹೊರಗೆ ಬರುತ್ತಿದೆ, ಒಳ್ಳೆಯದೇ ಆಯಿತು ಎಂದುಕೊಂಡು ಆ ಬಿಳಿ ಗೆರೆಯನ್ನು ಗುಡಿಸಿದೆ. ವಾರಕ್ಕೊಮ್ಮೆ ಗುಡಿಸುತ್ತಿದ್ದೆ. ಒಳಗಿನ ನೀರು ಮುಗಿದ ಮೇಲೆ ಸೋರುವುದು ನಿಂತಿತು.

ದಸರೆಯ ಮುಂಚೆ ಮ್ಯೂಸಿಯಂನ ಇಂಜಿನಿಯರರು ಬಂದರು. ತೆಳ್ಳಗಿನ, ಸಾವಕಾಶ ಮಾತಾಡುವ ಮನುಷ್ಯ. ಚಾಚಾ ಆ ದಿನ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಬಂದಿದ್ದರು. ಇಂಜಿನಿಯರರು ಗಾಲಿ, ರಾಡು, ಟಾಂಕಿ ಎಲ್ಲ ನೋಡಿ, ಇಷ್ಟು ಚೆನ್ನಾಗಿ ಇಟ್ಟ ಇಂಜಿನ್ ನಾನು ಈಚೆಗೆ ನೋಡಿಲ್ಲ ಎಂದರು. ಯಾರು ಒರೆಸುವವರು ಎಂದು ಕೇಳಿದಾಗ ಚಾಚಾ ನನ್ನನ್ನು ಮುಂದೆ ಕರೆದರು.

ಆಮೇಲೆ ಬುಡದ ಬಾಗಿಲು ಬಿಚ್ಚಿದರು. ಬೂದುಬಣ್ಣದ ಗೋಡೆ ಕಂಡಿತು. ಚಾಚಾ ಅದು ಏನೆಂದು ತಿಳಿಯದೆ ಬೆರಳಿನಿಂದ ಒತ್ತಿದರು. ಸರಳು ತೆಗೆದುಕೊಂಡು ಚುಚ್ಚಿದರು. ಕಲ್ಲಿಗೆ ಬಡಿದ ಸದ್ದು ಬಂತು. ಇನ್ನೊಂದು ಬಾಗಿಲು ಬಿಚ್ಚಿದರು, ಅಲ್ಲೂ ಅದೇ. ತಟ್ಟೆಗಳು ಅದರೊಳಗೆ ಹೂತುಹೋಗಿದ್ದವು. ಒಲೆಯ ಸುತ್ತ, ಆ ನಾಲ್ಕು ಬೆರಳಿನ ಸಂದಿಯಲ್ಲಿ, ಒಂದು ಗೇಣಿನಷ್ಟು ಎತ್ತರ ಗಾರೆ ಕಟ್ಟಿತ್ತು.

ಮೂರು ದಿನ ಪ್ರಯತ್ನ ಮಾಡಿದೆವು. ಉದ್ದನೆಯ ಚಾಣ ಮಾಡಿಸಿ ಚಾಚಾ ಅಂಗಾತ ಮಲಗಿ ಕೆತ್ತಿದರು. ಬಾಗಿಲಿನಿಂದ ಒಂದು ಮೊಳ ದೂರದವರೆಗೆ ಕೈ ಹೋಗುತ್ತಿತ್ತು. ಅದರಾಚೆ ಎರಡು ಗೋಡೆಗಳನ್ನು ಹಿಡಿದ ಕಬ್ಬಿಣದ ಗೂಟಗಳು ಒತ್ತೊತ್ತಾಗಿ ಅಡ್ಡ ಬರುತ್ತಿದ್ದವು. ಕೆತ್ತಿದ ಚೂರುಗಳನ್ನು ನಾನು ಬುಟ್ಟಿಯಲ್ಲಿ ಎತ್ತಿ ಹಾಕುತ್ತಿದ್ದೆ. ಆ ಮೂರು ದಿನದಲ್ಲಿ ಪ್ರತಿ ಬುಟ್ಟಿ ಎತ್ತುವಾಗಲೂ ಹೇಳಬಹುದಿತ್ತು.

ಕೊನೆಗೆ ಇಂಜಿನಿಯರರು ಚಾಚಾ ಅವರನ್ನು ಎಬ್ಬಿಸಿ ಕೂರಿಸಿದರು. "ಬೆಂಕಿ ಹಾಕಿದರೆ ಆ ಜಾಗಕ್ಕೆ ನೀರು ತಲುಪೋದಿಲ್ಲ. ಪ್ಲೇಟು ಸುಟ್ಟುಹೋಗುತ್ತೆ. ಮಕ್ಕಳು ಹತ್ತೋ ಗಾಡಿ ಇದು, ನಾನು ಸಹಿ ಹಾಕೋಕೆ ಆಗೋದಿಲ್ಲ," ಎಂದರು. ಬಾಯ್ಲರನ್ನೇ ಕೆಳಗಿಳಿಸಿ, ಒಲೆಯನ್ನು ಬಿಚ್ಚಿ ತೆಗೆಯುವಂಥ ಕಾರ್ಖಾನೆ ಅವರ ಬಳಿ ಇರಲಿಲ್ಲ. ಇದು ಹೇಗಾಯಿತು ಎಂದು ವರದಿಯಲ್ಲಿ ಬರೆಯಬೇಕು, ಏನು ಬರೆಯಲಿ ಎಂದು ಕೇಳಿದರು.

ಚಾಚಾ ಕೈಯಲ್ಲಿದ್ದ ಚಾಣವನ್ನು ಕೆಳಗಿಟ್ಟರು.

"ಸುಣ್ಣ ಹೆಚ್ಚ ಆಗ್ಯಾದ್ರಿ ಸಾಹೇಬ್ರ. ಮಳಿಗಾಲದ ತೇವ ಕುಡಿದು ಉಬ್ಬಿ ಚೆಲ್ಲ್ಯಾದ. ಅಳತಿ ನಂದ ಇತ್ತು."

ನನ್ನನ್ನು ಉಳಿಸಲು ಅವರು ಹಾಗೆ ಹೇಳಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ. ತಮ್ಮದೇ ತಪ್ಪು ಎಂದು ನಂಬಿ ಹೇಳಿದರು. ಇಂಜಿನಿಯರರು ಅದನ್ನೇ ಬರೆದರು, ಚಾಚಾ ಕೆಳಗೆ ಸಹಿ ಮಾಡಿದರು. ನಾನು ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ.

ಇಂಜಿನ್ನಿಗೆ ಬಣ್ಣ ಹಚ್ಚಿದೆವು. ಮುಂದೆ ಯಾರೂ ತಿಳಿಯದೆ ಬೆಂಕಿ ಹಾಕಬಾರದೆಂದು ಬಾಯ್ಲರಿಗೆ ಎರಡು ತೂತು ಕೊರೆದರು. ಒಂದು ಗೂಡ್ಸ್ ಗಾಡಿಯ ಹಿಂದೆ ಕಟ್ಟಿ ಕಳಿಸಿದ ದಿನ ಚಾಚಾ ರಜೆ ಹಾಕಿದ್ದರು. ಮ್ಯೂಸಿಯಂನವರಿಗೆ ಫಿಟ್ಟರ್ ಬೇಕಾಗಲಿಲ್ಲ. ಚಾಚಾ ನಿವೃತ್ತಿಯಾಗಿ ಶಹಾಪುರಕ್ಕೆ ಹೋದರು. ಸಂಕ್ರಾಂತಿಯ ಹೊತ್ತಿಗೆ ನನ್ನ ಕೆಲಸ ಕಾಯಂ ಆಯಿತು.

ಯುಗಾದಿ ಕಳೆದ ಮೇಲೆ ಒಂದು ರವಿವಾರ ಬಸ್ಸು ಹತ್ತಿ ಶಹಾಪುರಕ್ಕೆ ಹೋದೆ. ಚಾಚಾ ಅಂಗಳದಲ್ಲಿ ಚಾಪೆ ಹಾಸಿಕೊಂಡು ಯಾರದೋ ಪಂಪ್‌ಸೆಟ್ಟಿನ ವಾಲ್ವ್ ಬಿಚ್ಚಿ ಕೂತಿದ್ದರು. ಕಾಲುವೆಯ ನೀರು ಬಂದ ಮೇಲೆ ಆ ಕಡೆ ಪಂಪು ರಿಪೇರಿಯ ಕೆಲಸ ಬೇಕಾದಷ್ಟಿತ್ತು. ನನ್ನನ್ನು ನೋಡಿ ಸಂತೋಷಪಟ್ಟರು. ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟು ಚಹಾ ಇಡಲು ಹೋದರು.

ನಾನು ನಿಂತುಕೊಂಡೇ ಹೇಳಿದೆ. ಕಾರಹುಣ್ಣಿಮೆ, ರಬ್ಬರ್ ಪೈಪು, ಬೆಚ್ಚಗಾದ ಒಲೆ, ಜಲ್ಲಿಯ ಮೇಲಿನ ಬಿಳಿ ಗೆರೆ. ಒಂದೂ ಬಿಡಲಿಲ್ಲ. ಅವರು ವಾಲ್ವನ್ನು ಚಾಪೆಯ ಮೇಲೆ ಇಟ್ಟರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಕುಳಿತುಕೋ ಎಂದೂ ಹೇಳಲಿಲ್ಲ.

"ಎಷ್ಟು ದಿನ ಬೆಚ್ಚಗ ಇತ್ತು?"

"ಎರಡು ದಿನ್ರಿ."

"ಅಂದ್ರ ಎರಡು ದಿನ ಮೆತ್ತಗಿತ್ತು." ಕೈಗೆ ಹತ್ತಿದ ಗ್ರೀಸನ್ನು ಅವರು ನಿಧಾನವಾಗಿ ಒರೆಸಿಕೊಂಡರು. "ಒಂದು ಚೀಟಿ ಬರದು ಬಸ್ಸಿನವನ ಕೈಯಾಗ ಕೊಟ್ಟಿದ್ರ ನಾ ಬರ್ತಿದ್ದೆ. ಕೆಳಗಿನ ಬಿರಡಿ ಬಿಚ್ಚಿ, ಪೈಪ್ ಹಚ್ಚಿ, ಮಧ್ಯಾಹ್ನದೊಳಗ ತೊಳದು ಬಿಡ್ತಿದ್ವಿ. ಮತ್ತ ಒಣಗಿಸಿ, ಹೊಸಾ ಸುಣ್ಣ ಇಟ್ಟು, ಆಗಿಹೋಗ್ತಿತ್ತು."

ನನಗೆ ಅಳು ಬಂತು. ಅವರು ಅದನ್ನು ನೋಡಲಿಲ್ಲ.

"ಹೇಳಿದ್ರ ಯಾರು ಬೈತಿದ್ರವ್ವಾ ನಿನಗ?"

ಯೋಚಿಸಿದೆ. ಫೋರ್‌ಮನ್ ಸಾಹೇಬರು ಗೊಣಗಿ, ಚಾಚಾ ಅವರಿಗೆ ಹೇಳಿಕಳಿಸುತ್ತಿದ್ದರು. ಖಲಾಸಿಗಳು ಒಂದು ವಾರ ನಗುತ್ತಿದ್ದರು. ಬಯ್ಯುವ ಒಬ್ಬರ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ.

ಚಾಚಾ ತಲೆ ಅಲ್ಲಾಡಿಸಿದರು. ಆಮೇಲೆ ಅವರು ಅಡುಗೆಮನೆಯ ಕಡೆ ತಿರುಗಿ, ಹೆಂಡತಿಗೆ ಕೇಳುವಂತೆ ಕೂಗಿ ಹೇಳಿದರು.

"ಕೇಳಿದೇನು? ನಾ ದಿನಾ ತಲಿ ಕೆಡಿಸ್ಕೊಂಡು ಕೂಡ್ತಿದ್ದೆನಲ್ಲ. ಸುಣ್ಣದ ಅಳತಿ ಸರೀನ ಇತ್ತಂತ."